ಹಳದಿಯಿಂದ ಕೆಂಪಿನವರೆಗೆ

ರೈಲು ಬಟ್ಟಬಯಲಿನಲ್ಲಿ ನಿಂತುಬಿಟ್ಟಿತ್ತು. ಕೊನೆಯ ಬೋಗಿಯಲ್ಲಿ ಮುದುಕನೊಬ್ಬನ ಎದುರಿಗೆ ಕೂತಿದ್ದ ಹೆಂಗಸು ಕಿಟಕಿಗೆ ಮುಖವೊತ್ತಿ ಬಂದ ದಾರಿಯನ್ನೇ ನೋಡುತ್ತ ನಡುಗುತ್ತಿದ್ದಳು. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತನಾಗಿದ್ದ ಆ ಮುದುಕನಿಗೆ ಕನಿಕರವಾಯಿತು.

“ಹಿಂದಿನ ಗಾಡಿ ಬಂದು ಗುದ್ದಿದ್ರೆ ತಾತ?”

“ಹಂಗೆಲ್ಲ ಆಗಲ್ಲ ಕಣಮ್ಮ. ನಮ್ಮ ಹಿಂದೆ ಕೆಂಪು ಸಿಗ್ನಲ್ ಇರ್ತದೆ. ಅದಕ್ಕೂ ಒಂದು ಕಿಲೋಮೀಟರ್ ಮೊದಲೇ ಹಳದಿ. ಹಳದಿ ಕಂಡು ಬ್ರೇಕ್ ಹಾಕಿದ್ರೆ ಎಂಥ ಗಾಡಿನೂ ಕೆಂಪಿನ ಹತ್ರ ನಿಲ್ತದೆ. ಅದಕ್ಕೇ ಅಷ್ಟು ಜಾಗ ಬಿಟ್ಟಿರೋದು.”

“ಡ್ರೈವರ್ ನೋಡದೆ ಹೋದ್ರೆ?”

“ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿರ್ತಾನೆ.”

ಹಿಂದೆ ದೂರದಲ್ಲಿ ಹಾರ್ನ್ ಕೇಳಿಸಿತು. ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು.

“ಕೂತಿರ್ತಾರೆ ತಾತ. ಅದನ್ನ ಓಡಿಸ್ತಿರೋದು ನಮ್ಮನೆಯವ್ರೇ. ನಿನ್ನೆ ಕೆಂಪು ಟೊಮೆಟೊ ನೋಡಿ ಆರಿಸ್ಕೊಂಡು ಬನ್ನಿ ಅಂದ್ರೆ, ಚೀಲದ ತುಂಬ ಹಸಿರು ಕಾಯಿ ತಂದಿದ್ರು.”