ಹಕ್ಕಿಗಳ ದಾಹ

ಬೇಸಿಗೆಗೆ ಹೊಳೆ ಇಳಿದು, ನಡುವೆ ಮರಳುದಿಬ್ಬಗಳು ಎದ್ದಿದ್ದವು. ದಡದ ಜೌಗಿನಲ್ಲಿ ಕೆಸರಿನ ಹೊಂಡಗಳಷ್ಟೇ ಉಳಿದಿದ್ದವು. ಪಕ್ಷಿಪ್ರಿಯರ ಸಂಘದ ಅಧ್ಯಕ್ಷ ಹಾಲಸ್ವಾಮಿ ಅಣೆಕಟ್ಟಿನ ಕಚೇರಿ ಮುಂದೆ ಧರಣಿ ಕೂತರು.

"ಪ್ರತಿ ವರ್ಷ ಹೀಗೇ ಇಳಿಯುತ್ತೆ ಸಾರ್. ಮಳೆ ಬಂದ್ರೆ ತುಂಬುತ್ತೆ," ಎಂದರು ಇಂಜಿನಿಯರ್.

"ಅಲ್ಲೀವರೆಗೆ ಹಕ್ಕಿಗಳು ಬಾಯಾರಿ ಸಾಯ್ಬೇಕಾ? ನಿಮಗೆ ಕರುಳು ಅನ್ನೋದು ಇದೆಯೇನ್ರೀ?"

ಪೇಪರಿನಲ್ಲಿ ಸುದ್ದಿ ಬಂತು, ಮೇಲಿನಿಂದ ಆದೇಶವೂ ಬಂತು. ಗೇಟು ಎತ್ತಿದರು. ಮರುದಿನ ಬೆಳಿಗ್ಗೆ ಹೊಳೆ ದಡದಿಂದ ದಡಕ್ಕೆ ತುಂಬಿ ಹರಿಯುತ್ತಿತ್ತು.

ದಡದಲ್ಲೇ ಶಾಮಿಯಾನ ಹಾಕಿ ಹಾಲಸ್ವಾಮಿಯವರಿಗೆ ಸನ್ಮಾನ ಮಾಡಿದರು. ನೀರಿನ ಮೇಲೆ ರೀವ ಹಕ್ಕಿಗಳ ಹಿಂಡು ಕಿರುಚುತ್ತ ಸುತ್ತುತ್ತಿತ್ತು.

"ಕೇಳಿಸ್ಕೊಳ್ಳಿ, ನಮಗೆ ಥ್ಯಾಂಕ್ಸ್ ಹೇಳ್ತಿವೆ!" ಎಂದರು ಅವರು ಮೈಕಿನಲ್ಲಿ. ಜನ ಚಪ್ಪಾಳೆ ತಟ್ಟಿದರು.

ವೇದಿಕೆಯ ಬ್ಯಾನರಿನಲ್ಲಿ ಅವರೇ ತೆಗೆದ, ಬಹುಮಾನ ಬಂದ ಫೋಟೊ ಇತ್ತು. ಬರಿಯ ಮರಳಿನ ಮೇಲೆ ಮೊಟ್ಟೆಯಿಟ್ಟು ಕಾವಿಗೆ ಕೂತ ರೀವ.

ಸಂಘಕ್ಕೆ ಹೊಸದಾಗಿ ಸೇರಿದ್ದ ಟೀಚರೊಬ್ಬರು ಕೇಳಿದರು, "ಎಷ್ಟು ಚೆನ್ನಾಗಿದೆ ಸಾರ್! ಎಲ್ಲಿ ತೆಗೆದಿದ್ದು?"

"ಇಲ್ಲೇ ಕಣಮ್ಮಾ, ನಮ್ಮ ಹೊಳೇಲೇ. ಹೋದ ವರ್ಷ ಇದೇ ತಿಂಗಳು. ಪ್ರತಿ ಬೇಸಿಗೆ ಅದೇ ಜಾಗಕ್ಕೆ ಬಂದು ಮೊಟ್ಟೆ ಇಡ್ತವೆ."

"ಹಾಗಾದ್ರೆ ಈಗಲೂ ಇರ್ತವಲ್ಲ? ತೋರಿಸಿ ಸಾರ್."

"ಬನ್ನಿ, ಬನ್ನಿ," ಎಂದು ಹಾಲಸ್ವಾಮಿ ಕೊರಳಿನ ಹಾರ ಸರಿಮಾಡಿಕೊಳ್ಳುತ್ತ ದಡದಂಚಿಗೆ ನಡೆದು, ಜಾಗ ತೋರಿಸಲು ಕೈ ಎತ್ತಿದರು.

ಎತ್ತಿದ ಕೈ ನಡುಹೊಳೆಯತ್ತ ಹೊರಳಿ, ಹಾಗೇ ನಿಂತುಬಿಟ್ಟಿತು. ಅಲ್ಲಿ ಬರೀ ನೀರಿತ್ತು.