ಮೊದಲು ದಿಕ್ಕು ಸರಿಯಾಗಲಿ

ಡ್ರೋನನ್ನು ಕಾರಿನ ಪಕ್ಕದಿಂದಲೇ ಹಾರಿಸಿಬಿಡು ಎಂದು ತಮ್ಮ ಅವಸರ ಮಾಡಿದ. ಅಕ್ಕ ಅದನ್ನು ಎದೆಗವಚಿಕೊಂಡು ಹೊಳೆದಂಡೆಯ ಬಯಲಿನತ್ತ ನಡೆದಳು.

ಮಧ್ಯಾಹ್ನ ಮನೆಯವರು ಮಲಗಿದ್ದ ಹೊತ್ತಿನಲ್ಲಿ ಅಮ್ಮ ಹೊರಟುಬಿಟ್ಟಿದ್ದಳು. ನೆನಪು ಕೈಕೊಡತೊಡಗಿದ ಮೇಲೆ ಅವಳಿಗೆ ಬಾಗಿಲು ತೆರೆದಿದ್ದರೆ ಸಾಕು. ಬಿಳಿ ತಲೆಯ ಮುದುಕಿಯೊಬ್ಬಳು ಜೊಂಡಿನೊಳಗೆ ಹೋದದ್ದನ್ನು ದೋಣಿಯವನು ಕಂಡಿದ್ದ. ಆಳೆತ್ತರ ಮೀರಿದ ಜೊಂಡು. ಹೊಕ್ಕರೆ ಪಕ್ಕದಲ್ಲಿದ್ದವರೂ ಕಾಣರು. ಕೂಗಿ ಕೂಗಿ ತಮ್ಮನ ಗಂಟಲು ಕಟ್ಟಿತ್ತು. ಹೊತ್ತು ಇಳಿಯುತ್ತಿತ್ತು.

ಅಕ್ಕ ದೊಡ್ಡ ಕಟ್ಟಡಗಳ ಚಾವಣಿಯ ಬಿರುಕು ನೋಡಲು ಡ್ರೋನ್ ಹಾರಿಸುವವಳು. ಸುದ್ದಿ ತಿಳಿದದ್ದೇ ದೂರದ ಊರಿನಿಂದ ಓಡಿ ಬಂದಿದ್ದಳು. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಒಂದೇ ಬ್ಯಾಟರಿ. ದಾರಿಯಲ್ಲಿ ಬ್ರೇಕ್ ಹಾಕಿದಾಗ ಡ್ರೋನಿನ ಪೆಟ್ಟಿಗೆ ಸೀಟಿನಿಂದ ಉರುಳಿ ಬಿದ್ದಿತ್ತು. ಈಗ ಫೋನಿನ ಪರದೆಯಲ್ಲಿ ಕೆಂಪು ಅಕ್ಷರ: ಸೆನ್ಸರ್‌ಗಳು ಸರಿಯಿಲ್ಲ. ಕಾರಿನಿಂದ ದೂರ ಬಂದರೂ ಅದು ಅಳಿಯಲಿಲ್ಲ.

ಅವಳು ಗಡಿಯಾರ ಬಿಚ್ಚಿ ತಮ್ಮನಿಗೆ ಕೊಟ್ಟು, ಬೀಗದ ಕೈ ಇಟ್ಟುಕೊಂಡು ಹತ್ತಿರ ಬರಬೇಡ, ಕಬ್ಬಿಣ ಕಂಡರೆ ಇದರ ದಿಕ್ಸೂಚಿ ಮೋಸ ಹೋಗುತ್ತದೆ ಎಂದಳು. ಚಪ್ಪಟೆ ಬಂಡೆಯ ಮೇಲೆ ಡ್ರೋನನ್ನಿಟ್ಟು, ಅದು ತನ್ನ ಸಮತೋಲ ಕಂಡುಕೊಳ್ಳುವವರೆಗೆ ಕೈ ಕಟ್ಟಿ ಕುಳಿತಳು. ಆಮೇಲೆ ಎತ್ತಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದಳು. ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು. ಆಗಲಿಲ್ಲ, ಮತ್ತೆ ಮಾಡು ಎಂದಿತು ಪರದೆ.

"ಅಮ್ಮ ನೀರಿಗೆ ಬೀಳೋ ಹೊತ್ತಲ್ಲಿ ಇದೇನಕ್ಕಾ ನಿನ್ನ ಗಿರಗಿಟ್ಲೆ ಆಟ?" ತಮ್ಮ ದೂರದಿಂದಲೇ ರೇಗಿದ.

"ದಿಕ್ಕು ತಿಳೀದೆ ಹಾರಿದ್ರೆ ಇದು ಒಂದು ಕಡೆ ನಿಲ್ಲಲ್ಲ ಕಣೋ, ಕುಡಿದವನ ಹಾಗೆ ಸುತ್ತುತ್ತೆ. ಅಮ್ಮ ಕಂಡರೂ ಅವಳ ತಲೆ ಮೇಲೆ ನಿಲ್ಲಿಸೋಕಾಗಲ್ಲ. ಆಗ ನೀನು ಏನು ನೋಡ್ಕೊಂಡು ಒಳಗೆ ಹೋಗ್ತೀಯ?"

ಎಲ್ಲ ಬಿಟ್ಟು ಹಾರಿಸಿಬಿಡೋಣ ಎಂದು ಅವಳ ಜೀವವೂ ಹಾತೊರೆಯುತ್ತಿತ್ತು. ಆದರೂ ಮತ್ತೆ ಮೊದಲಿನಿಂದ, ಅದೇ ನಿಧಾನದಲ್ಲಿ ತಿರುಗಿದಳು. ಕೆಂಪು ಹೋಗಿ ಹಸಿರು ಬಂತು.

ಡ್ರೋನ್ ಮೇಲೆದ್ದಿತು. ಅಕ್ಕ ಹೊಲ ಉತ್ತ ಹಾಗೆ ಜೊಂಡನ್ನು ಸಾಲುಸಾಲಾಗಿ ಹುಡುಕುತ್ತ ಹೋದಳು. ಹೊಳೆಗೆ ತೀರಾ ಹತ್ತಿರ ಒಂದು ಬಿಳಿ ತಲೆ ಕಂಡಿತು. ಅಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅಕ್ಕ ಡ್ರೋನನ್ನು ಅವಳ ತಲೆಯ ಮೇಲಿನವರೆಗೆ ಕೆಳಕ್ಕಿಳಿಸಿದಳು. ಮೊಳೆ ಹೊಡೆದಂತೆ ನಿಂತಿತು. ಅದರ ಮೇಲೆ ಕಣ್ಣಿಟ್ಟು ತಮ್ಮ ಜೊಂಡಿನೊಳಗೆ ನುಗ್ಗಿದ.

ಅಮ್ಮ ತಲೆಯೆತ್ತಿ ನೋಡಿದಳು. ಬಗ್ಗಿದಳು. ಅವಳು ಎಸೆದ ಕೆಸರಿನ ಮುದ್ದೆಯೊಂದು ಡ್ರೋನಿನ ಪಕ್ಕದಲ್ಲೇ ಹಾದುಹೋಯಿತು.

"ಮೇಲಕ್ಕೆತ್ತಮ್ಮಾ, ಬೀಳಿಸಿಬಿಡ್ತಾರೆ," ಎಂದ ಅಕ್ಕನ ಪಕ್ಕ ನಿಂತು ಪರದೆ ನೋಡುತ್ತಿದ್ದ ದೋಣಿಯವನು.

"ಎತ್ತರ ಹೋದ್ರೆ ತಮ್ಮನಿಗೆ ಅಂದಾಜು ತಪ್ಪುತ್ತೆ. ಹೊಡೀಲಿ ಬಿಡಿ."

ಎರಡನೆಯ ಮುದ್ದೆ ರೆಕ್ಕೆಗೆ ಒಂದು ಗೇಣು ದೂರ. ಅಕ್ಕನ ಬೆರಳು ಅಲುಗಲಿಲ್ಲ.

ಜೊಂಡು ಸರಿಯಿತು. ತಮ್ಮ ಪರದೆಯೊಳಗೆ ಬಂದು ಅಮ್ಮನ ತೋಳು ಹಿಡಿದುಕೊಂಡ. ಅಮ್ಮ ಅವನ ಮುಖವನ್ನೊಮ್ಮೆ ನೋಡಿ, ಕೈಯಲ್ಲಿದ್ದ ಕೆಸರನ್ನು ಅವನ ಅಂಗೈಗೆ ಹಾಕಿ, ನೀನು ಹೊಡಿ ಎಂಬಂತೆ ಮೇಲೆ ತೋರಿಸಿದಳು.