ಕೆಂಪು ಬಿಲ್ವ

ಭಾವ ಬಂದಿರಲಿಲ್ಲ, ಭಾವನ ಕೋಟು ಬಂದಿತ್ತು, ತ್ಯಾಗರಾಜನ ಮೈಮೇಲೆ. ಕಾಡು ನೋಡೋದಕ್ಕೆ ಕೋಟು ಹಾಕಿಕೊಂಡು ಬರುವ ಪ್ರಾಣಿ ಪ್ರಪಂಚದಲ್ಲಿ ತಾನೊಬ್ಬನೇ ಇರಬೇಕು ಅಂತ ಅವನು ಸೆಂಟರ್‌ವಿಲ್ ಬಿಟ್ಟಾಗಿನಿಂದ ಹಲ್ಲು ಕಡಿಯುತ್ತಿದ್ದ. ಭುಜದ ಹತ್ತಿರ ಹೊಲಿಗೆ ಬಿಡುವಷ್ಟು ಬಿಗಿ. ತೋಳು ಮಾತ್ರ ಬೆರಳು ಮುಚ್ಚುವಷ್ಟು ಉದ್ದ. ಅಕ್ಕ ಯಾಮಿನಿಗೆ ಬೇಕಾಗಿದ್ದೂ ಅದೇ. ಕಾರಿಳಿಯುವಾಗ ಕಿವಿಯಲ್ಲಿ ಹೇಳಿದ್ದಳು: "ಕೈ ಜೇಬಲ್ಲೇ ಇರ್ಲಿ ಕಣೋ. ಕೇಳಿದ್ರೆ ಕಂಪ್ಯೂಟರ್ ಕೋರ್ಸ್ ಮಾಡ್ತಿದೀನಿ ಅನ್ನು. ಅಷ್ಟೇ."

ಕೇಳುವವರು ರೇಣುಕಾದೇವಿ. ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿರುವ ಮಗನ ಮನೆಗೆ ಆರು ತಿಂಗಳಿಗೆಂದು ಬಂದವರು, ಬರುವ ವಾರ ಮೈಸೂರಿಗೆ ಹೊರಡುವವರಿದ್ದರು. ಅಲ್ಲಿ ಅವರ ತಮ್ಮನ ಮಗಳು ವಸಂತಾ ಮದುವೆಗಿದ್ದಳು. ಹುಡುಗನನ್ನು ಕಣ್ಣಾರೆ ನೋಡಿ, ಒಂದು ಫೋಟೋ ತೆಗೆದುಕೊಂಡು ಹೋಗುವುದು ಅವರ ಕೆಲಸ. ಕೆಂಪಾದ ಮರದ ಕೆಳಗೆ ಕೋಟು ಹಾಕಿಸಿ, ನಿಲ್ಲಿಸಿ, ಆ ಫೋಟೋ ತೆಗೆದುಕೊಡುವುದು ಯಾಮಿನಿಯ ಕೆಲಸ. ಹುಡುಗ ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ಒಂದೂವರೆ ವರ್ಷದಿಂದ ಮರ ಕಡಿಯುವ ಕಂಪನಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಐವತ್ತಡಿ ಮೇಲೆ ನೇತಾಡುವವನು ಅನ್ನೋದು ಆ ಫೋಟೋದಲ್ಲಿ ಎಲ್ಲೂ ಕಾಣಬಾರದು. ಇದ್ದದ್ದು ಇದ್ದ ಹಾಗೆ ಹೇಳೋಣ ಅಂದಿದ್ದಕ್ಕೆ ಅಕ್ಕ ಎರಡು ದಿನ ಮಾತು ಬಿಟ್ಟಿದ್ದಳು.

ಕಾಡೊಳಗೆ ಕಾಲಿಟ್ಟ ಮೇಲೆ ಅವನ ಸಿಟ್ಟು ಅರ್ಧ ಇಳಿಯಿತು. ಅಕ್ಟೋಬರ್ ಬಿಸಿಲು ಹಳದಿ ಎಲೆಗಳ ನಡುವೆ ಸೋಸಿ ಬಂದು ನೆಲದ ಮೇಲೆ ತುಪ್ಪ ಚೆಲ್ಲಿದ ಹಾಗೆ ಬಿದ್ದಿತ್ತು. ಯಾವ ಓಕ್ ಒಳಗೊಳಗೇ ಟೊಳ್ಳು, ಯಾವ ಕೊಂಬೆ ಈ ಚಳಿಗಾಲ ದಾಟಲ್ಲ ಅನ್ನೋದನ್ನು ಕಣ್ಣು ತಾನಾಗಿಯೇ ಓದುತ್ತಾ ಹೋಯಿತು. ಹೇಳೋದಕ್ಕೆ ಬಾಯಿ ತುರಿಸುತ್ತಿತ್ತು, ಹೇಳುವ ಹಾಗಿರಲಿಲ್ಲ. ಇದು ಯಾವ ಮರ ಅಂತ ರೇಣುಕಾದೇವಿ ಅವನನ್ನೇ ಕೇಳಿದರೆ ಯಾಮಿನಿ ನಡುವೆ ಬಂದಳು. "ಅವನಿಗೆ ಗಿಡ ಮರ ಎಲ್ಲಿ ಗೊತ್ತಾಗತ್ತೆ ಆಂಟಿ, ಇಪ್ಪತ್ನಾಲ್ಕು ಗಂಟೆ ಕಂಪ್ಯೂಟರ್ ಮುಂದೆ."

ಅವನು ಜೇಬೊಳಗೇ ಮುಷ್ಟಿ ಬಿಗಿದ.

ಕ್ಯಾಮೆರಾದ ರೋಲ್‌ನಲ್ಲಿ ಉಳಿದದ್ದು ಒಂದೇ ಫೋಟೋ. ಅದು ಹಾಳಾಗಬಾರದು ಅಂತ ಯಾಮಿನಿ ಅವನನ್ನು ಒಂದು ಮೇಪಲ್ ಮರದಡಿ ನಿಲ್ಲಿಸಿ, ಹಿಂದೆ ಸರಿ, ಮುಂದೆ ಬಾ, ನಗು ಅಂತ ಜೀವ ತಿನ್ನುತ್ತಿದ್ದಳು. ಅಷ್ಟರಲ್ಲಿ ದಾರಿ ಬಿಟ್ಟು ಒಳಗೆ ಹೋಗಿದ್ದ ರೇಣುಕಾದೇವಿಯ ದನಿ ಕೇಳಿತು. "ಯಾಮಿನಿ, ಇಲ್ಲಿ ನೋಡಮ್ಮ. ಬಿಲ್ವ."

ಅವರ ಬೊಗಸೆ ತುಂಬ ಎಲೆ. ಒಂದೊಂದು ತೊಟ್ಟಿಗೆ ಮೂರು ಮೂರು ದಳ, ಕುಂಕುಮದ ಬಣ್ಣ. ಈ ದೇಶದ ಬಿಲ್ವ ಕೆಂಪಗಿರಬಹುದು, ಇಲ್ಲಿ ಎಲ್ಲವೂ ಬೇರೆ ತಾನೆ ಅಂತ ಅವರೇ ಸಮಾಧಾನ ಹೇಳಿಕೊಂಡರು. ಆರು ತಿಂಗಳಿಂದ ಸೋಮವಾರದ ಪೂಜೆಗೆ ಒಂದು ಪತ್ರೆ ಕಂಡಿರಲಿಲ್ಲ, ನಾಳೆ ಸೋಮವಾರ. ಅವರ ಬೆನ್ನ ಹಿಂದೆ, ಓಕ್ ಮರ ತಬ್ಬಿ, ಮೈತುಂಬ ಕೂದಲು ಬೆಳೆದ ಬಳ್ಳಿಯೊಂದು ಮೇಲೇರಿತ್ತು. ತ್ಯಾಗರಾಜ ಅದನ್ನು ನೋಡುವುದಕ್ಕೂ, ಅವರು ಕಣ್ಣು ಮುಚ್ಚಿ ಬೊಗಸೆಯನ್ನು ಕಣ್ಣಿಗೊತ್ತಿಕೊಳ್ಳಲು ಎತ್ತುವುದಕ್ಕೂ ಸರಿಹೋಯಿತು.

ಹಾರಿ ಹೋಗಿ ಅವರ ಮಣಿಕಟ್ಟಿಗೆ ಹೊಡೆದ. ಎಲೆಯೆಲ್ಲ ಚೆಲ್ಲಾಪಿಲ್ಲಿಯಾಯಿತು.

"ದೇವರ ಪತ್ರೆ ಕಣೋ ಅದು," ಅಂದರು ರೇಣುಕಾದೇವಿ. ಕಣ್ಣಲ್ಲಿ ನೀರು ತುಂಬಿತ್ತು.

ಅವನು ಅಕ್ಕನ ಕಡೆ ನೋಡಿದ. ಅಕ್ಕ ಸಣ್ಣಗೆ ತಲೆಯಾಡಿಸಿದಳು: ಬೇಡ. ಎಲೆ ಮೇಲೆ ಹುಳ ಇತ್ತು ಅಂದರೆ ಮುಗಿದುಹೋಗುತ್ತಿತ್ತು. ಕೋಟೂ ಉಳಿಯುತ್ತಿತ್ತು, ಹುಡುಗಿಯೂ ಉಳಿಯುತ್ತಿದ್ದಳು. ಆದರೆ ಇನ್ನೊಂದು ನಿಮಿಷಕ್ಕೆ ಆ ಹೆಂಗಸು ಅದೇ ಕೈಯಲ್ಲಿ ಕಣ್ಣೊರೆಸಿಕೊಳ್ಳುವುದು ಗ್ಯಾರಂಟಿ.

"ಅಮ್ಮ, ಕೈ ಹಾಗೇ ಮುಂದೆ ಚಾಚಿ. ಮುಖ, ಸೆರಗು, ಏನೂ ಮುಟ್ಬೇಡಿ. ನಮ್ಮ ಕಡೆ ಗೇರೆಣ್ಣೆ ತಾಗಿದ್ರೆ ಚರ್ಮ ಸುಡಲ್ವಾ, ಈ ವಿಷದ ಬಳ್ಳಿ ಎಲೆನೂ ಹಾಗೇ. ಕಣ್ಣಿಗೆ ಹೋಗಿದ್ರೆ ನಾಳೆ ಕಣ್ಣೇ ಬಿಡೋಕಾಗ್ತಿರ್ಲಿಲ್ಲ."

"ನಿಂಗೆ ಹೇಗಪ್ಪ ಗೊತ್ತು?"

ಅವನು ಕೋಟು ಬಿಚ್ಚಿ ಪಕ್ಕದ ಕೊಂಬೆಗೆ ತಗುಲಿಹಾಕಿದ. ಅಂಗಿಯ ತೋಳು ಮಡಚಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಕಪ್ಪು ಕಲೆ, ನಡುವೆ ಹಗ್ಗ ಉಜ್ಜಿದ ಗೆರೆಗಳು.

"ಹೋದ ವರ್ಷ ಇದೇ ಬಳ್ಳಿ. ಮೂರು ವಾರ ಮಲಗಿದ್ದೆ. ನಾನು ಮರ ಕಡಿಯೋನು ಅಮ್ಮ. ಕೋರ್ಸೂ ಇಲ್ಲ, ಕಂಪ್ಯೂಟರೂ ಇಲ್ಲ."

ಯಾಮಿನಿ ಬೇರೆ ಕಡೆ ಮುಖ ತಿರುಗಿಸಿಕೊಂಡಳು. ಅವನು ತಿಂಡಿ ಚೀಲದಿಂದ ಪಾತ್ರೆ ತೊಳೆಯುವ ಸೋಪು ತಂದ. ಬ್ರೆಡ್ಡಿನ ಕವರಿನೊಳಗೆ ಕೈ ತೂರಿಸಿಕೊಂಡು, ಪಕ್ಕದಲ್ಲೇ ಹರಿಯುತ್ತಿದ್ದ ತೊರೆಯ ತಣ್ಣೀರಿನಲ್ಲಿ ಅವರ ಬೆರಳ ಸಂದಿಸಂದಿ ತೊಳೆದ. ಸಾಲದು ಅಂತ ಇನ್ನೆರಡು ಸಲ ತೊಳೆದ. ಆಮೇಲೆ ಅವರು ಮದರಂಗಿ ಒಣಗಲಿ ಅಂತ ಕೂತ ಮದುಮಗಳ ಹಾಗೆ ಎರಡೂ ಕೈ ಮುಂದೆ ಚಾಚಿಕೊಂಡು ಬಂಡೆಯ ಮೇಲೆ ಕೂತರು. ತ್ಯಾಗರಾಜನಿಗೆ ಯಾಕೋ ಮೈ ಹಗುರಾಗಿತ್ತು. ಆಗಲೇ ದಾರಿಯಲ್ಲಿ ನೀವು ಕೇಳಿದ ಮರ ಹಿಕರಿ ಅಂತ ಹೇಳಿದ. ಇಲ್ಲಿ ಎದುರಿಗಿರೋದು ಬೀಚ್ ಮರ, ಅದರ ಎಲೆ ಒಣಗಿದರೂ ಚಳಿಗಾಲವೆಲ್ಲ ಕೊಂಬೆಗೇ ಅಂಟಿಕೊಂಡಿರುತ್ತೆ ಅಂತಲೂ ಹೇಳಿದ. ಅವರು ಕತ್ತೆತ್ತಿ ನೋಡಿದರು.

ಯಾಮಿನಿ ಕ್ಯಾಮೆರಾವನ್ನು ಚೀಲದೊಳಗಿಡುತ್ತಿದ್ದಳು.

"ಯಾಕಮ್ಮ ಒಳಗಿಡ್ತೀಯ? ಇನ್ನೂ ಒಂದು ಫೋಟೋ ಇದೆ ಅಂದ್ಯಲ್ಲ," ಅಂದರು ರೇಣುಕಾದೇವಿ.

ಯಾಮಿನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಕೊಂಬೆಯಿಂದ ಕೋಟು ತೆಗೆದು, ಹತ್ತಿದ್ದ ಎಲೆ ಕೊಡವಿ, ತಮ್ಮನ ಭುಜದ ಮೇಲೆ ಹಿಡಿದಳು.

"ಅದು ಅಲ್ಲೇ ಇರ್ಲಿ," ಅಂದರು ರೇಣುಕಾದೇವಿ, ಒದ್ದೆ ಕೈ ಚಾಚಿಕೊಂಡೇ. "ಮಡಚಿರೋ ತೋಳು ಇಳಿಸ್ಬೇಡಪ್ಪ. ವಸಂತಾ ಕೈನೂ ನೋಡ್ಲಿ."